ನಮ್ಮ ಮನಿಯವರು ಬರೂ ಹೊತ್ತಾತು

ರಾತ್ರಿ ಎರಡೂವರೆಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಮಾಸ್ತರರು ಬೆಳಗಾಯಿತೆಂದೇ ತಿಳಿದು ಎದ್ದು ಕೂತರು. ನಲವತ್ತು ವರ್ಷ ಅವರನ್ನು ಎಬ್ಬಿಸಿದ್ದು ಅದೇ ಸದ್ದು. ಹೊರಗೆ ನೋಡಿದರೆ ಕತ್ತಲೆ, ಓಣಿಯಲ್ಲಿ ನಾಯಿಯೂ ಎದ್ದಿರಲಿಲ್ಲ. ಒಳಗೆ ಹೋದರೆ ಹೆಂಡತಿ ಪರಾತದ ಮುಂದೆ ಕೂತು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಜೋಳದ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಆಗಲೇ ಇಪ್ಪತ್ತಾರು ರೊಟ್ಟಿ.

“ಆಳು ಬರ್ತಾವ, ಕಡ್ಲಿ ಕೀಳಾಕ. ಬುತ್ತಿ ಕಟ್ಟಬ್ಯಾಡ?” ಅಂದಳು.

ಹೊಲವನ್ನು ಲಾವಣಿಗೆ ಕೊಟ್ಟು ಆರು ವರ್ಷವಾಗಿತ್ತು. ಎತ್ತು ಮಾರಿ ಅದಕ್ಕೂ ಹೆಚ್ಚು. ಮಾಸ್ತರರು ಅದನ್ನೆಲ್ಲ ಹೇಳಿ ತಿದ್ದಿದರು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಅದು, ತಿದ್ದದೆ ಇರಲು ಬರುತ್ತಿರಲಿಲ್ಲ. ಹೆಂಡತಿ ಅವರ ಮುಖವನ್ನೇ ನೋಡಿದಳು, ಅತ್ತಳು, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಆ ರೊಟ್ಟಿಯ ಒಂದೊಂದೂ ದುಂಡಗೆ, ಅಂಚು ಸೀಳದೆ, ಹಾಳೆಯಷ್ಟು ತೆಳ್ಳಗೆ ಬಂದಿತ್ತು. ಮಗಳ ಹೆಸರು ಮರೆತಿದ್ದವಳ ಅಂಗೈಗೆ ರೊಟ್ಟಿ ಮರೆತಿರಲಿಲ್ಲ.

ಇದು ಅಂತೂರ ಬೆಂತೂರಿನ ಒಂದು ಮನೆಯ ಕತೆ. ಗದಗ ತಾಲೂಕಿನ ಎರೆಮಣ್ಣಿನ ಊರು, ಎರಡು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಮಾಸ್ತರರು ಇಲ್ಲಿಯವರು, ಹೆಂಡತಿಯ ತವರು ಮುಂಡರಗಿ ತಾಲೂಕಿನ ಡಂಬಳ. ಇಬ್ಬರ ಹೆಸರೂ ಬೇಡವೆಂದು ಮಾಸ್ತರರು ಕೇಳಿಕೊಂಡಿದ್ದಾರೆ. ಉಳಿದದ್ದನ್ನು ಅವರು ಮುಚ್ಚಿಟ್ಟಿಲ್ಲ. ಮುಚ್ಚಿಡಬೇಕೆನಿಸುವ ಮಾತೂ ಇದರಲ್ಲಿದೆ, ಅದನ್ನು ಕೂಡ.

ಕಾಯಿಲೆ ಶುರುವಾದದ್ದು ಮರೆವಿನಿಂದಲ್ಲ. ಜನ ಇದನ್ನು ನಂಬುವುದಿಲ್ಲ, ಮಾಸ್ತರರೂ ನಂಬಿರಲಿಲ್ಲ. 2012ರ ಒಂದು ಸಂಜೆ ಪಿಂಚಣಿ ತರಲು ಗದಗಿಗೆ ಹೋಗಿ ತಡವಾಗಿ ಬಂದವರನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದಳು. “ಯಾರ ಹಂತೇಕ ಹೋಗಿದ್ರಿ?” ಎಂದು ಕೇಳಿದಳು. ಮರುದಿನವೂ ಅದೇ, ಅದರ ಮರುವಾರವೂ ಅದೇ. ಅರವತ್ತನಾಲ್ಕು ವಯಸ್ಸಿನ, ಮೊಮ್ಮಕ್ಕಳನ್ನು ಕಂಡ ಮನುಷ್ಯ ಇದನ್ನು ಯಾರಿಗೆ ಹೇಳಬೇಕು? ಮಗಳಿಗೆ ಹೇಳಲು ನಾಚಿಕೆ, ಬೀಗರಿಗೆ ಹೇಳಲು ಹೆದರಿಕೆ. ಒಬ್ಬರೇ ನುಂಗಿಕೊಂಡರು. ಹಾಲು ಉಕ್ಕಿ ಒಲೆ ಆರುವುದು, ಹುಗ್ಗಿಗೆ ಎರಡು ಸಲ ಬೆಲ್ಲ ಬೀಳುವುದು, ಕಿವಿಯೋಲೆ ಕಳವಾಯಿತೆಂದು ಕೆಲಸದ ಹುಡುಗಿಯನ್ನು ಬೈದು ಅದು ಅಕ್ಕಿಯ ಡಬ್ಬಿಯಲ್ಲಿ ಸಿಗುವುದು ಎಲ್ಲ ಆಮೇಲೆ ಬಂದವು.

ಓಣಿಯವರ ಹತ್ತಿರ ಉತ್ತರ ಸಿದ್ಧವಿತ್ತು: ಅರವತ್ತಕ್ಕೆ ಅರಳುಮರಳು. ಈ ಒಂದು ಗಾದೆ ನಮ್ಮ ನಾಡಿನಲ್ಲಿ ಎಷ್ಟು ಮುದುಕಿಯರನ್ನು ಆಸ್ಪತ್ರೆಯ ಬಾಗಿಲಿಗೆ ಹೋಗದಂತೆ ತಡೆದಿದೆಯೋ. ಮೊದಲು ತೋರಿಸಿದ ಒಬ್ಬ ಡಾಕ್ಟರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ, ಶಕ್ತಿಯ ಗುಳಿಗೆ ಬರೆದು ಕಳಿಸಿದರು. ವಯಸ್ಸಾದರೆ ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯುವುದು ಸಹಜ. ಕನ್ನಡಕ ಯಾತಕ್ಕೆ ಎಂಬುದೇ ಮರೆತರೆ ಅದು ವಯಸ್ಸಲ್ಲ, ಮೆದುಳಿನ ಕಾಯಿಲೆ. 2017ರಿಂದ 2020ರವರೆಗೆ ದೇಶದಾದ್ಯಂತ ನಡೆದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಎಂಬ ಈ ಮರೆವಿನ ಕಾಯಿಲೆ ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅಂತೂರ ಬೆಂತೂರಿನ ಆ ಮನೆ ಎರಡೂ ಲೆಕ್ಕದಲ್ಲಿ ಬರುತ್ತಿತ್ತು.

ಮಗಳು ಹಟ ಹಿಡಿದ ಮೇಲೆ 2014ರ ಸೆಪ್ಟೆಂಬರಿನಲ್ಲಿ ಧಾರವಾಡಕ್ಕೆ ಹೊರಟರು. ಆ ಹೆಸರೇ ಮಾಸ್ತರರ ಕಾಲು ಹಿಡಿದಿತ್ತು. ಗದಗ ಸೀಮೆಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ “ಇವನ್ನ ಧಾರವಾಡಕ್ಕ ಕಳಸ್ಬೇಕು” ಅನ್ನುವುದು ಮಾತಿನ ವಾಡಿಕೆ. ಅಲ್ಲಿನ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು. ನೂರೆಪ್ಪತ್ತು ವರ್ಷದ ಆ ನೆರಳು ಆಗಲೂ ಸರಿದಿರಲಿಲ್ಲ. ಊರವರು ಕೇಳಿದರೆ “ಹುಬ್ಬಳ್ಳಿಗೆ, ಕಣ್ಣು ತೋರ್ಸಾಕ” ಎಂದು ಹೇಳಿ ಬಸ್ಸು ಹತ್ತಿದರು.

ಅಲ್ಲಿ ಡಾಕ್ಟರು ಕೇಳಿದರು: ಇದು ಯಾವ ಇಸವಿ? ಗೊತ್ತಿಲ್ಲ. ಯಾವ ತಿಂಗಳು? ಆಕೆ ಕಿಟಕಿಯ ಹೊರಗೆ ನೋಡಿ ಒಂದು ಕ್ಷಣ ಸುಮ್ಮನಿದ್ದು, “ಹುಬ್ಬಿ ಮಳಿ ನಡದೈತಲ್ರಿ” ಅಂದಳು. ಸರಿಯಾಗಿಯೇ ಇತ್ತು! ಮಾಸ್ತರರ ಎದೆ ಹಗುರಾಯಿತು, ಹೆಂಡತಿ ಪರೀಕ್ಷೆಯಲ್ಲಿ ಪಾಸಾದಳು ಅನಿಸಿತು. ಡಾಕ್ಟರು ತಾಳ್ಮೆಯಿಂದ ತಿಳಿಸಿದರು: ಚಿಕ್ಕಂದಿನಿಂದ ಮೈಯಲ್ಲಿ ಇಳಿದ ಮಳೆಯ ಲೆಕ್ಕ ಕೊನೆಗೆ ಹೋಗುತ್ತದೆ, ನಿನ್ನೆ ಉಂಡದ್ದು ಮೊದಲು ಹೋಗುತ್ತದೆ. ಥೈರಾಯ್ಡ್ ಕೊರತೆ, ಬಿ12 ಕೊರತೆಯಿಂದಲೂ ಮರೆವು ಬರಬಹುದು, ಅವಕ್ಕೆ ಔಷಧ ಇದೆ. ಆದ್ದರಿಂದ ರಕ್ತಪರೀಕ್ಷೆ, ಸ್ಕ್ಯಾನು ಮೊದಲು. ಎಲ್ಲ ಮುಗಿದ ಮೇಲೆ ಉಳಿದ ಹೆಸರು ಅಲ್ಜೈಮರ್, ಡಿಮೆನ್ಶಿಯಾದ ಒಂದು ಬಗೆ. ಡೊನೆಪೆಜಿಲ್ ಗುಳಿಗೆ ಕೊಟ್ಟರು. ಇದರಿಂದ ಕಾಯಿಲೆ ಹೋಗುವುದಿಲ್ಲ, ಸ್ವಲ್ಪ ದಿನ ತಡೆದು ನಿಲ್ಲಿಸಬಹುದು ಎಂದರು.

ಎದ್ದು ಬರುವಾಗ ಅಲ್ಲಿನ ಆಪ್ತಸಲಹೆಗಾರ್ತಿ, ಮಗಳ ವಯಸ್ಸಿನ ಹುಡುಗಿ, “ಅಜ್ಜಾರ, ನೀವು ಹೆಂಗದೀರಿ?” ಎಂದು ಕೇಳಿದಳು. “ನನಗೇನಾಗೇತವಾ, ನಾ ಆರಾಮ ಅದೀನಿ” ಎಂದು ಹೊರಬಿದ್ದರು. ಆ ಪ್ರಶ್ನೆಗೆ ನಿಜವಾದ ಉತ್ತರ ಹೇಳಲು ಅವರಿಗೆ ಮುಂದೆ ಮೂರು ವರ್ಷ ಬೇಕಾಯಿತು.

ಹೆಂಡತಿಗೆ ಗಂಡ ಮರೆತುಹೋದದ್ದು ಒಂದು ದೀಪ ಹಚ್ಚುವ ಹೊತ್ತಿನಲ್ಲಿ. ಈ ಕಾಯಿಲೆಯವರಿಗೆ ಸಂಜೆಯಾದರೆ ಜೀವ ಚಡಪಡಿಸುತ್ತದೆ, ಬೆಳಕು ಇಳಿದಂತೆ ಗಲಿಬಿಲಿ ಏರುತ್ತದೆ. ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದ ಮಾಸ್ತರರ ಮುಂದೆ ಬಂದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಪರಪುರುಷರ ಮುಂದೆ ನಿಲ್ಲುವಾಗ ಹೇಗೋ ಹಾಗೆ.

“ಯಾವೂರ್ರಿ ನಿಮ್ದು?”

ಮಾಸ್ತರರು ನಕ್ಕರು. ಆಕೆ ನಗಲಿಲ್ಲ.

“ತಪ್ಪು ತಿಳಕೋಬ್ಯಾಡ್ರಿ. ನೀವು ಇನ್ನ ಹೋಗ್ರಿ. ನಮ್ಮ ಮನಿಯವರು ಬರೂ ಹೊತ್ತಾತು.”

ಮದುವೆಯ ಫೋಟೋ ಗೋಡೆಯಿಂದ ಇಳಿಸಿ ತೋರಿಸಿದರು. 1972ರ ಕಪ್ಪುಬಿಳುಪು ಚಿತ್ರ. ಆಕೆ ಅದರಲ್ಲಿನ ತೆಳ್ಳನೆಯ ಹುಡುಗನ ಮೇಲೆ ಬೆರಳಿಟ್ಟು, “ಇವರಽ ನೋಡ್ರಿ ನಮ್ಮ ಮನಿಯವರು” ಅಂದಳು. ಮುಂದೆ ಕೂತ ಬಿಳಿಗಡ್ಡದವರನ್ನು ನೋಡಿ ಭಯಪಟ್ಟು ಅಡುಗೆಮನೆಗೆ ಹೋಗಿ ಅಗಳಿ ಹಾಕಿಕೊಂಡಳು. ಒಂದು ತಾಸು ಬಾಗಿಲು ಬಡಿದರು. ಬಡಿದಷ್ಟೂ ಒಳಗೆ ಅಳು ಜೋರಾಯಿತು.

ಇದಕ್ಕೆ ದಾರಿ ಕಂಡದ್ದು ಯಾರೂ ಹೇಳಿಕೊಟ್ಟು ಅಲ್ಲ, ಸೋತು. ಒಂದು ಸಂಜೆ ವಾದ ಮಾಡುವ ತ್ರಾಣ ಇಲ್ಲದೆ “ಆತ್ರಿ ತಂಗಿ, ಬರ್ತೀನಿ” ಎಂದು ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಕಟ್ಟೆಯ ಮೇಲೆ ಕೂತರು. ಹದಿನೈದು ನಿಮಿಷ ಬಿಟ್ಟು, ಕೆಮ್ಮಿ, ಹೊಸ್ತಿಲ ಹತ್ತಿರ “ಏ, ಬಂದ್ನಿ, ನೀರು ಕೊಡು” ಎಂದು ಹಳೆಯ ಹಾಗೆ ಕೂಗಿದರು. ಒಳಗಿಂದ ತಂಬಿಗೆ ಹಿಡಿದು ಬಂದವಳ ಮುಖದಲ್ಲಿ ಬೆಳಕಿತ್ತು. “ಯಾರೋ ಒಬ್ರು ಹಿರ್ಯಾರು ಬಂದಿದ್ರು. ಪಾಪ, ಊಟಕ್ಕ ಏಳ್ರಿ ಅನ್ನಬೇಕಿತ್ತು” ಅಂದಳು.

ಅದಾದ ಮೇಲೆ ದಿನಾ ಸಂಜೆ ಮಾಸ್ತರರು ಮನೆ ಬಿಟ್ಟು ಹೋಗಿ ಮನೆಗೆ ಬರುತ್ತಿದ್ದರು. ಬೆಂಕಿಯ ಕಡ್ಡಿ ಕೊರೆದಷ್ಟು ಹೊತ್ತಿನ ಗುರುತು ಸಿಕ್ಕರೂ ಸಾಕು ಎಂದು. ಸುಳ್ಳಾಡುತ್ತಿದ್ದೇನೆ ಎಂಬ ಸಂಕಟ ಮೊದಲು ಬಹಳ ಕಾಡಿತು. ಆಕೆಯ ಲೋಕದಲ್ಲಿ ಗಂಡ ಸಂಜೆ ಶಾಲೆಯಿಂದ ಬರುತ್ತಾನೆ. ಅದು ಸುಳ್ಳಾಗಿರಲಿಲ್ಲ, ಮೂವತ್ತೈದು ವರ್ಷ ಹಾಗೇ ಬಂದಿದ್ದ. ಇದನ್ನು ಅರ್ಥ ಮಾಡಿಕೊಂಡ ದಿನ ಅವರು ಕೆಂಪು ಪೆನ್ನು ಕೆಳಗಿಟ್ಟರು. ರಾತ್ರಿಯ ರೊಟ್ಟಿಗೂ ತಕರಾರು ನಿಂತಿತು. ಗ್ಯಾಸಿನ ರೆಗ್ಯುಲೇಟರು ಮಾತ್ರ ತೆಗೆದಿಡುತ್ತಿದ್ದರು, ಹಿಟ್ಟು ನೀರು ಮುಂದಿಡುತ್ತಿದ್ದರು. ಬಡಿದು ಬಡಿದು ಆಕೆ ಅಲ್ಲೇ ಒರಗುತ್ತಿದ್ದಳು.

ಪಂಚಮಿಯದು ಬೇರೆಯೇ ಕತೆ. ಲಗ್ನವಾದ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಅಂದರೆ ತವರು, ಅಣ್ಣ ಕರೆಯಲು ಬರುವುದು, ಜೋಕಾಲಿ, ಉಂಡಿ. 2016ರ ಶ್ರಾವಣದಲ್ಲಿ ಆಕೆ ದಿನವೂ “ಮನಿಗೆ ಹೋಗ್ತೀನಿ” ಅನ್ನತೊಡಗಿದಳು. ಗಂಟು ಕಟ್ಟುವುದು, ಬಿಚ್ಚುವುದು. ಅಣ್ಣ ಸತ್ತು ಹನ್ನೊಂದು ವರ್ಷವಾಗಿತ್ತು. ಮಾಸ್ತರರು ಒಮ್ಮೆ ಅದನ್ನು ಹೇಳಿಬಿಟ್ಟು, ಆಕೆ ಆಗಷ್ಟೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತದ್ದನ್ನು ನೋಡಿದ ಮೇಲೆ ಮತ್ತೆ ಹೇಳಲಿಲ್ಲ. ಪಂಚಮಿಯ ಹಿಂದಿನ ಮಧ್ಯಾಹ್ನ ಅವರ ಕಣ್ಣು ಹತ್ತಿದ ಅರ್ಧ ತಾಸಿನಲ್ಲಿ ಆಕೆ ಗಂಟು ಹಿಡಿದು ಹೊರಟುಬಿಟ್ಟಿದ್ದಳು.

ಬಸ್‌ಸ್ಟ್ಯಾಂಡಿಗೆ ಓಡಿದರು. ಅಲ್ಲಿದ್ದ ಹುಡುಗರು ಮೊಬೈಲಿನಲ್ಲಿ ಸುದ್ದಿ ಕಳಿಸಲು ಕೇಳಿದರು: “ಅಜ್ಜಿ ಯಾವ ಬಣ್ಣದ ಸೀರಿ ಉಟ್ಟಾರ್ರಿ?” ಮಾಸ್ತರರಿಗೆ ಹೇಳಲಾಗಲಿಲ್ಲ. ಬೆಳಿಗ್ಗೆ ಆ ಸೀರೆ ಉಡಿಸಿದ್ದು ಅವರೇ, ನೆರಿಗೆ ಹಿಡಿದದ್ದು ಅವರೇ. ಬಣ್ಣ ನೆನಪಾಗಲಿಲ್ಲ. ಕುರಿ ಕಾಯುವವನೊಬ್ಬ ಹೊತ್ತು ಮುಳುಗುವ ಮುಂದೆ ಆಕೆಯನ್ನು ಹಳ್ಳದ ದಂಡೆಯಿಂದ ಕೈಹಿಡಿದು ಕರೆತಂದ. ಹಸಿರು ಇಳಕಲ್ ಸೀರೆ, ಕೆಂಪು ದಡಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಗಂಟಿನಲ್ಲಿ ನಾಲ್ಕು ರೊಟ್ಟಿ, ಒಂದು ಬಾಚಣಿಗೆ. ಅದೇ ವರ್ಷ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ ಬಂದಿತ್ತು; ಅಲ್ಜೈಮರ್ ಇರುವ ತಂದೆ ಕಾಣೆಯಾಗಿ ಮಗ ಹುಡುಕುವ ಕತೆ. ಅನಂತ್ ನಾಗ್ ಪಾತ್ರ ನೋಡಿ ಜನ ಮೆಚ್ಚಿದರು. ಮಗಳು ತೋರಿಸಲು ಹೋದರೆ ಮಾಸ್ತರರು ಆ ಹೆಸರಿಗೇ ತಡೆದು ನಿಂತರು. ಕಾಣೆಯಾದವರ ಪ್ರಕಟಣೆಯ ಮಾತು ಅದು. ಸಿನಿಮಾ ನೋಡಲಿಲ್ಲ. ಆಕೆ ಸಿಕ್ಕ ಮಾರನೆಯ ದಿನದಿಂದಲೇ ಕ್ಯಾಲೆಂಡರಿನ ಮೇಲೆ ಪ್ರತಿದಿನ ಸೀರೆಯ ಬಣ್ಣ ಬರೆದಿಡತೊಡಗಿದರು. ಆ ಕ್ಯಾಲೆಂಡರುಗಳು ಇನ್ನೂ ಮನೆಯಲ್ಲಿವೆ: ನೀಲಿ, ನೀಲಿ, ಹಳದಿ, ಹಸಿರು.

ಈಗ ಮುಚ್ಚಿಡಬೇಕೆನಿಸುವ ಮಾತು.

2017ರ ಚಳಿಗಾಲದ ಒಂದು ಬೆಳಿಗ್ಗೆ. ಮೂರು ರಾತ್ರಿ ನಿದ್ದೆಯಿಲ್ಲ. ಹಾಸಿಗೆ ಒದ್ದೆಯಾಗಿತ್ತು, ಆಕೆ ಸ್ನಾನಕ್ಕೆ ಒಲ್ಲೆನೆಂದು ತಂಬಿಗೆ ಎಸೆದಳು. ನೀರು ಮೈಮೇಲೆ ಬಿತ್ತು. ಮಾಸ್ತರರು ಕೈ ಎತ್ತಿ ಹೊಡೆದರು. ಕೆನ್ನೆಗೆ. ಶಾಲೆಯಲ್ಲೂ ಯಾವ ಹುಡುಗನ ಕೆನ್ನೆಗೂ ಹೊಡೆಯದ ಮನುಷ್ಯ. “ಯಾಕ ಹೊಡದ್ರಿ ಅಣ್ಣಾರ? ನಾ ಏನ್ ಮಾಡೀನಿ?” ಎಂದು ಆಕೆ ಕೇಳಿದಳು. ಹತ್ತು ನಿಮಿಷಕ್ಕೆ ಮರೆತು, ಬಿಸಿಲಿಗೆ ಕೂತು ಹಾಡಿಕೊಳ್ಳುತ್ತಿದ್ದಳು. ಮಾಸ್ತರರು ಬಚ್ಚಲಲ್ಲಿ ಬಾಯಿಗೆ ಟವೆಲು ಒತ್ತಿ ಅತ್ತರು. ಮರೆತವಳು ಆಕೆ ಮಾತ್ರ.

ಆ ವಾರವೇ ಧಾರವಾಡಕ್ಕೆ ಗುಳಿಗೆಗೆ ಹೋದಾಗ ಅದೇ ಆಪ್ತಸಲಹೆಗಾರ್ತಿ ಅದೇ ಪ್ರಶ್ನೆ ಕೇಳಿದಳು. ಈ ಸಲ ಹೇಳಿದರು. ಆಕೆ ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. “ಎಷ್ಟು ತಾಸು ಮಲಗ್ತೀರಿ? ಮನ್ಯಾಗ ಎರಡನೇ ಕೈ ಯಾರದೈತಿ?” ಎಂದು ಕೇಳಿದಳು. ಎರಡನೇ ಕೈ ಇರಲಿಲ್ಲ. ಈ ಕಾಯಿಲೆಯವರ ಮನೆಮಂದಿಗಾಗಿ 1981ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದ ಹೆಸರೇ ‘36 ತಾಸಿನ ದಿನ’. ಬರೆದವರಿಗೆ ಆ ದಿನದ ಉದ್ದ ಗೊತ್ತಿತ್ತು. ಹೊಡೆಯುವಷ್ಟು ಸಿಟ್ಟು ಬಂದರೆ ಕೋಣೆಯಿಂದ ಹೊರಗೆ ಬಂದುಬಿಡಿ, ಸ್ನಾನ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ ಎಂದಳು ಆ ಹುಡುಗಿ. ವಾರಕ್ಕೆ ಎರಡು ಅರ್ಧದಿನ ಬೇರೆಯವರ ಕೈಗೆ ಬಿಡಲೇಬೇಕು ಎಂದು ಹಟ ಹಿಡಿದಳು. ಓಣಿಯ ಒಬ್ಬ ವಿಧವೆ, ಹೆಂಡತಿಯ ಹಳೆಯ ಗೆಳತಿ, ಸಂಬಳಕ್ಕೆ ಬಂದು ಕೂರತೊಡಗಿದಳು. ಆ ಅರ್ಧದಿನ ಮಾಸ್ತರರು ಗದಗಿಗೆ ಹೋಗಿ ವೀರನಾರಾಯಣ ಗುಡಿಯ ಅಂಗಳದಲ್ಲಿ ಏನೂ ಮಾಡದೆ ಕೂತು ಬರುತ್ತಿದ್ದರು. ಹೆಂಡತಿಯನ್ನು ಬಿಟ್ಟು ಕೂತಿದ್ದೇನೆ ಎಂಬ ಅಪರಾಧ ಮೊದಲ ತಿಂಗಳು ಕಾಡಿತು. ಆಮೇಲೆ ನಿದ್ದೆ ಬರತೊಡಗಿತು.

ಅವರಿಗೆ ದೊಡ್ಡ ಸಮಾಧಾನ ಬಂದದ್ದು ಮಾತ್ರ ಬಹಳ ದೂರದಿಂದ. ಈ ಕಾಯಿಲೆಗೆ ಯಾರ ಹೆಸರು ಬಂತೋ ಆ ಡಾಕ್ಟರ್ ಅಲೋಯ್ಸ್ ಅಲ್ಜೈಮರ್‌ನ ಮೊದಲ ರೋಗಿಯ ಬಗ್ಗೆ ಮಗಳು ಫೋನಿನಲ್ಲಿ ಓದಿ ಹೇಳಿದಳು. ಆಗುಸ್ಟೆ ಡೆಟರ್, ವಯಸ್ಸು 51, ಜರ್ಮನಿಯ ಫ್ರಾಂಕ್‌ಫರ್ಟ್. 1901ರ ನವೆಂಬರಿನಲ್ಲಿ ಆಸ್ಪತ್ರೆಗೆ ಸೇರಿದಳು, 1906ರಲ್ಲಿ ತೀರಿಕೊಂಡಳು. ಗಂಡ ಕಾರ್ಲ್ ರೈಲ್ವೆಯಲ್ಲಿ ಗುಮಾಸ್ತ, ಆಸ್ಪತ್ರೆಯ ಖರ್ಚಿಗೆ ಒದ್ದಾಡಿದವನು. ಆಕೆಯಲ್ಲಿ ಮೊದಲು ಕಂಡ ಲಕ್ಷಣ ಏನು ಗೊತ್ತೇ, ಎಂದಳು ಮಗಳು. ಗಂಡನ ಮೇಲೆ ಅನುಮಾನ.

ಮಾಸ್ತರರು ಅದನ್ನು ಎರಡು ಸಲ ಓದಿಸಿದರು. ಐದು ವರ್ಷ ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಿದ್ದ ಮುಳ್ಳು ಅದು. ನಲವತ್ತು ವರ್ಷ ಬಾಳಿದ ಮೇಲೂ ಇವಳು ನನ್ನನ್ನು ನಂಬಲಿಲ್ಲವಲ್ಲ ಎಂಬ ನೋವು. ಅದು ಹೆಂಡತಿಯ ಮನಸ್ಸಲ್ಲ, ಕಾಯಿಲೆಯ ಬಾಯಿ ಎಂದು ನೂರು ವರ್ಷ ಹಿಂದಿನ ರೈಲ್ವೆ ಗುಮಾಸ್ತನ ಮನೆಯಿಂದ ತಿಳಿಯಬೇಕಾಯಿತು. ಅವತ್ತೇ ಮಗಳಿಗೆ ಎಲ್ಲ ಹೇಳಿದರು.

2019ರ ಜನವರಿ 29ರಂದು ಜಾರ್ಜ್ ಫರ್ನಾಂಡಿಸ್ ತೀರಿಕೊಂಡ ಸುದ್ದಿ ಬಂದಾಗ ಮಾಸ್ತರರು ಬಹಳ ಹೊತ್ತು ಟಿವಿ ಮುಂದೆ ಕೂತಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಮನುಷ್ಯ, 1974ರಲ್ಲಿ ಇಡೀ ದೇಶದ ರೈಲು ನಿಲ್ಲಿಸಿದ ಗಂಟಲು. ಕೊನೆಯ ಹತ್ತು ವರ್ಷ ಅಲ್ಜೈಮರ್ ಆ ಗಂಟಲನ್ನು ನಿಲ್ಲಿಸಿತ್ತು. ಅವರ ಹೆಂಡತಿ ಲೈಲಾ ಕಬೀರ್ ಎಂಬತ್ತರ ದಶಕದಲ್ಲೇ ಬೇರೆಯಾಗಿದ್ದವರು, 2010ರಲ್ಲಿ ಮರಳಿ ಬಂದು ಗಂಡನನ್ನು ನೋಡಿಕೊಂಡರು. ಯಾರು ನೋಡಿಕೊಳ್ಳಬೇಕೆಂಬ ಜಗಳ ದೆಹಲಿ ಹೈಕೋರ್ಟಿನವರೆಗೆ ಹೋಗಿ, ಹೆಂಡತಿಯ ಆರೈಕೆಯಲ್ಲೇ ಉಳಿಯಿತು. ರಾಜಕೀಯದ ಮಾತು ಮಾಸ್ತರರಿಗೆ ಬೇಕಿರಲಿಲ್ಲ. ಆ ಹೆಣ್ಣುಮಗಳು ಇಪ್ಪತ್ತೈದು ವರ್ಷದ ಅಗಲಿಕೆಯ ನಂತರ ಬಂದು ಕೂತಾಗ, ಆ ಮನುಷ್ಯನಿಗೆ ಜಗಳವೂ ನೆನಪಿರಲಿಲ್ಲವೇನೋ, ಈಕೆಗೆ ಎಲ್ಲ ನೆನಪಿತ್ತಲ್ಲ, ಎಂದು ಯೋಚಿಸಿದರು. ಇಬ್ಬರ ಬಾಳನ್ನು ಒಬ್ಬರೇ ನೆನೆಯಬೇಕಾಗುವುದು ಎಷ್ಟು ಒಂಟಿ ಕೆಲಸ ಎಂದು ಅವರಿಗೆ ಗೊತ್ತಿತ್ತು.

ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಕಳೆದವು. ಲಾಕ್‌ಡೌನಿನಲ್ಲಿ ಮಗಳೂ ಬರಲಾಗಲಿಲ್ಲ. ಮಾಸ್ತರರು ಹೆರಳು ಹಾಕುವುದು ಕಲಿತಿದ್ದರು. ಮೊದಲು ಕಣ್ಣಿ ಹೊಸೆದಂತೆ ಬಿಗಿದು ಆಕೆ “ಏ, ಸಾವಕಾಶ” ಅಂದದ್ದುಂಟು. ಮೂರು ಎಳೆ ಬಿಡಿಸಿ, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬುಡದಿಂದ ತುದಿಗೆ ಇಳಿಯುತ್ತಿದ್ದರು. ಕೂದಲು ತೆಳುವಾಗಿ ಹೆರಳು ಕಿರುಬೆರಳಿನಷ್ಟಾಗಿತ್ತು. ಆ ಹೊತ್ತಿನಲ್ಲಿ ಆಕೆ ಕಣ್ಣು ಮುಚ್ಚಿ ತಲೆಯನ್ನು ಅವರ ಕೈಗೆ ಬಿಡುತ್ತಿದ್ದಳು. 2021ರ ಜನವರಿಯಲ್ಲಿ, ಎಳ್ಳ ಅಮಾವಾಸ್ಯೆಯ ನಂತರದ ವಾರ, ಹೋದಳು.

ಆಗ ಊರು ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ರೊಟ್ಟಿ ಪಲ್ಯ ತಂದರು, ಮಾತಾಡಿಸಲು ದಿನವಿಡೀ ಮಂದಿ. ಎಲ್ಲರೂ ಪ್ರೀತಿಯಿಂದಲೇ ಬಂದರು. ಮಾಸ್ತರರಿಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಅವರು ಹೆಂಡತಿಯನ್ನು ಕಳೆದುಕೊಳ್ಳುತ್ತ ಬಂದದ್ದು ಎಂಟು ವರ್ಷ, ಆ ಎಂಟು ವರ್ಷಕ್ಕೆ ಯಾರೂ ಬುತ್ತಿ ತರಲಿಲ್ಲ. ಅಮೆರಿಕದ ಪಾಲಿನ್ ಬಾಸ್ ಎಂಬ ವಿದ್ವಾಂಸೆ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಹೆಂಡಿರನ್ನು ಕಂಡು, ಈ ಬಗೆಯ ದುಃಖಕ್ಕೆ 1970ರ ದಶಕದಲ್ಲಿ ಒಂದು ಹೆಸರು ಕೊಟ್ಟರು. ಮನುಷ್ಯ ಹೋದ ಎನ್ನುವಂತಿಲ್ಲ, ಇದ್ದಾನೆ ಎನ್ನುವಂತಿಲ್ಲ, ಅಳುವುದಕ್ಕೆ ಒಂದು ದಿನವೇ ಗೊತ್ತಾಗುವುದಿಲ್ಲ. ಮರೆವಿನವರ ಮನೆಗಳಿಗೂ ಅದೇ ಹೆಸರು ಹೊಂದುತ್ತದೆ ಎಂದರು. ನಮ್ಮಲ್ಲಿ ಸಾವಿಗೆ ಇಷ್ಟೊಂದು ಕಟ್ಟಳೆ ಇದೆ. ಇದಕ್ಕೊಂದು ಇಲ್ಲ.

ಈಚೆಗೆ ಕೆಲವು ದಾರಿ ತೆರೆದಿವೆ. ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮ ಶುರುಮಾಡಿತು. ಅದೇ ವರ್ಷ ಅಕ್ಟೋಬರಿನಿಂದ 14416 ಸಂಖ್ಯೆಯ ಸಹಾಯವಾಣಿ ಟೆಲಿಮಾನಸ್‌ನಲ್ಲಿ ಹಗಲುರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನೋಡಿಕೊಳ್ಳುವವರೂ ಮಾತಾಡಬಹುದು. ಮಾಸ್ತರರು ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರೆ.

ಮೊನ್ನೆ ಮೊನ್ನೆ ಹಿಂದಿನ ಓಣಿಯ ಒಂದು ಮನೆಗೆ ಹೋಗಿದ್ದರು. ಅಲ್ಲಿ ಗಂಡನಿಗೆ ಶುರುವಾಗಿದೆ, ಹೆಂಡತಿ ನೋಡಿಕೊಳ್ಳುತ್ತಾಳೆ. ವಾದ ಮಾಡಬೇಡ ತಂಗಿ, ಬಾಗಿಲಿಗೆ ಮೇಲಿನ ಅಗಳಿ ಹಾಕಿಸು, ಉಟ್ಟ ಬಟ್ಟೆಯ ಬಣ್ಣ ಬರೆದಿಡು ಎಂದು ಹೇಳಿದರು. ಆಕೆ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ಕಣ್ಣು ನೆಲದಲ್ಲೇ ಇತ್ತು, ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಊರಲ್ಲಿ ಯಾರಿಗೂ ಹೇಳಿರದ ಮಾತು ಹೇಳಿದರು: “ನಾ ಒಮ್ಮಿ ಆಕಿನ್ನ ಹೊಡದೀನಿ.”

ಸೆರಗು ಸುತ್ತುವುದು ನಿಂತಿತು.

“ನಾನೂ ರೀ ಕಾಕಾ,” ಅಂದಳು ಆಕೆ. “ಹೋದ ವಾರ.” ಅಳು ಬಂತು. ಮಾಸ್ತರರು ಬೇರೇನೂ ಕೇಳದೆ ಕೂತರು. ಒಳಬಾಗಿಲಲ್ಲಿ ಆಕೆಯ ಗಂಡ ಬಂದು ನಿಂತು ಇಬ್ಬರನ್ನೂ ನೋಡಿ, “ಹಿರ್ಯಾರದು ಯಾವೂರು?” ಎಂದು ಕೇಳಿದ. “ಇಲ್ಲೇ, ಬಾಜೂ ಊರಪಾ” ಎಂದು ಮಾಸ್ತರರು ಕೂತಲ್ಲಿಂದ ಸರಿದು ಅವನಿಗೆ ಜಾಗ ಮಾಡಿದರು. ಆಕೆ ಕಣ್ಣೊರೆಸಿಕೊಂಡು ಚಹಾ ಇಡಲು ಎದ್ದಳು.